ಐವತ್ತು ಮೀಟರ್ ಉದ್ದದ ಕಡಲು

ಸುರತ್ಕಲ್ಲಿನ ಎಂಜಿನಿಯರಿಂಗ್ ಸಂಸ್ಥೆ ಎನ್‌ಐಟಿಕೆ ಇರುವುದೇ ಅರಬ್ಬಿ ಸಮುದ್ರದ ದಂಡೆಯಲ್ಲಿ. ಆದರೂ ಅಲ್ಲಿನ ಎಂಜಿನಿಯರುಗಳು ಪ್ರಯೋಗಾಲಯದೊಳಗೆ ಇನ್ನೊಂದು ಕಡಲು ಇಟ್ಟುಕೊಂಡಿದ್ದಾರೆ: 50 ಮೀಟರ್ ಉದ್ದ, 71 ಸೆಂಟಿಮೀಟರ್ ಅಗಲ, 1.1 ಮೀಟರ್ ಆಳದ ಅಲೆತೊಟ್ಟಿ. ಒಂದು ತುದಿಯಲ್ಲಿ, ಬುಡಕ್ಕೆ ಕೀಲು ಕೂರಿಸಿದ ಹಲಗೆ. ಮೋಟಾರು ಅದನ್ನು ಹಿಂದೆ ಮುಂದೆ ತೂಗುತ್ತಿದ್ದರೆ ಅಲೆಗಳು ಹೊರಡುತ್ತವೆ. ಒಂದು ಬದಿಗೆ ಗಾಜು ಹಾಕಿರುವುದರಿಂದ ಅಲೆಯ ಹೊಟ್ಟೆಯೊಳಗೇ ಇಣುಕಬಹುದು.

ಕಡಲ ಅಲೆಗೆ ಅಡ್ಡ ಕಟ್ಟುವ ತಡೆಗೋಡೆಗಳ ಮಾದರಿಯನ್ನು ಪರೀಕ್ಷಿಸಲು ಬಳಸುವ ಯಂತ್ರವಿದು. ಅಲೆಯ ಎತ್ತರ ಹೆಚ್ಚೆಂದರೆ 24 ಸೆಂಟಿಮೀಟರ್. ಆಟಿಕೆ ಎಂದು ನಗಬೇಡಿ. ಮೂವತ್ತರಲ್ಲೊಂದು ಪ್ರಮಾಣದ ಮಾದರಿಗೆ 10 ಸೆಂಟಿಮೀಟರ್ ಅಲೆಯೆಂದರೆ ಹೊರಗಿನ 3 ಮೀಟರ್ ಅಲೆ. ಕಾಲ ಮಾತ್ರ ಮೂವತ್ತರ ವರ್ಗಮೂಲದಷ್ಟೇ ಹಿಗ್ಗುತ್ತದೆ. ತೊಟ್ಟಿಯ 2 ಸೆಕೆಂಡು ಕಡಲಿನ 11 ಸೆಕೆಂಡು. ನಮ್ಮ ಮಳೆಗಾಲದ ಅಲೆಗಳ ಲಯವೂ ಹೆಚ್ಚುಕಡಿಮೆ ಅಷ್ಟೇ.

ಆ ಮಳೆಗಾಲದ ಜೂನ್, ಜುಲೈಯಲ್ಲಿ ಯಾಂತ್ರೀಕೃತ ಬೋಟುಗಳ ಮೀನುಗಾರಿಕೆಗೆ ನಿಷೇಧ. ಆಗ ಕಡಲಿಗಿಳಿಯುವುದು ನಾಡದೋಣಿ. ಅದರಲ್ಲಿ ಹೋಗುವವರಿಗೆ ಈ ತೊಟ್ಟಿ ಹೇಳುವ ಮುಖ್ಯ ಸಂಗತಿ, ಅಪಾಯ ಹೆಚ್ಚಿರುವುದು ನಡುಗಡಲಲ್ಲಲ್ಲ, ದಡದ ಹತ್ತಿರ.

10 ಸೆಕೆಂಡಿಗೊಂದರಂತೆ ಬರುವ ಅಲೆಗೆ ಆಳ ಕಡಲಲ್ಲಿ ಶಿಖರದಿಂದ ಶಿಖರಕ್ಕೆ ಸುಮಾರು 156 ಮೀಟರ್. 2 ಮೀಟರ್ ಎತ್ತರವಿದ್ದರೂ ಅದು ಸಾವಕಾಶದ ಏರು, ದೋಣಿ ಹತ್ತಿ ಇಳಿಯುತ್ತದೆ. ನೀರಿನ ಆಳ 4 ಮೀಟರಿಗೆ ಬಂದಾಗ ಅದೇ ಅಂತರ 60 ಮೀಟರಿನ ಆಸುಪಾಸು. ತಳ ತಾಗಿ ಅಲೆಯ ವೇಗ ತಗ್ಗಿತು, ಹಿಂದಿನದು ಬೆನ್ನಿಗೇ ಬಂತು. ಶಕ್ತಿಗೆ ಬೇರೆ ದಾರಿಯಿಲ್ಲದೆ ನೀರು ಮೇಲೇಳುತ್ತದೆ. ಎತ್ತರವು ಆಳದ ಮುಕ್ಕಾಲು ಪಾಲು ಮೀರುತ್ತಿದ್ದಂತೆ ತಲೆ ಮುರಿದು ಬೀಳುತ್ತದೆ. ಸುರತ್ಕಲ್ಲಿಗೆ ಉತ್ತರದ ಸಸಿಹಿತ್ಲಿನಲ್ಲಿ 2016ರಲ್ಲಿ ಸರ್ಫಿಂಗ್ ಸ್ಪರ್ಧೆ ನಡೆಯಿತು. ಸರ್ಫರ್ ಹುಡುಕಿಕೊಂಡು ಬರುವ ಆ ಮುರಿಯುವ ಅಲೆಯೇ ದೋಣಿ ನಡೆಸುವ ತಾಂಡೇಲನಿಗೆ ಬೇಡವಾದದ್ದು. ತೌಕ್ತೆ ಚಂಡಮಾರುತದಲ್ಲಿ ಮೂಲ್ಕಿ ಬಳಿಯ ಬಂಡೆಗಳಿಗೆ ಸಿಕ್ಕಿಬಿದ್ದ ಟಗ್ ಹಡಗಿನ ಒಂಬತ್ತು ಮಂದಿಯನ್ನು ನೌಕಾಪಡೆ ಮತ್ತು ಕರಾವಳಿ ಕಾವಲು ಪಡೆ ಪಾರುಮಾಡಿದ್ದು 2021ರ ಮೇ 17ರಂದು. ಅಂಥ ಜಾಗದಲ್ಲಿ ದೊಡ್ಡ ಎಂಜಿನ್ನಿಗೂ ಕೆಲಸವಿಲ್ಲ.

ಹೊರಗೆ ಹೋಗುವಾಗ ಅಲೆ ಎದುರಿಗಿರುತ್ತದೆ, ಕಾಣುತ್ತದೆ. ಬರುವಾಗ ಬೆನ್ನ ಹಿಂದೆ. ಅದು ದೋಣಿಯ ಹಿಂಭಾಗವನ್ನು ಎತ್ತಿದಾಗ ಮೂತಿ ನೀರಲ್ಲಿ ಹೂತುಹೋಗುತ್ತದೆ. ಶಿಖರದ ನೀರೂ ದೋಣಿಯ ಜೊತೆಗೇ ಓಡುತ್ತಿರುವುದರಿಂದ ಚುಕ್ಕಾಣಿಗೆ ಹಿಡಿತ ಸಿಗದು. ದೋಣಿ ಅಡ್ಡ ತಿರುಗುತ್ತದೆ, ಮುಂದಿನ ಅಲೆ ಮಗುಚುತ್ತದೆ. ಹಾಗಾಗಿ ಒಂದು ಅಲೆಯ ಬೆನ್ನ ಮೇಲೆ ಕೂತು, ಅದರ ತಲೆ ದಾಟದಂತೆ ವೇಗ ಹಿಡಿದು ಬರಬೇಕು. ಅಲೆಗಳು ಗುಂಪುಗುಂಪಾಗಿ ಬರುವುದರಿಂದ ದೊಡ್ಡವು ಹೋದ ಮೇಲೆ ಸಣ್ಣದೊಂದು ಬಿಡುವು ಸಿಗುತ್ತದೆ, ನುಗ್ಗಬೇಕಾದದ್ದು ಆಗ. ಬಲೆ, ಮೀನು ದೋಣಿಯ ತಳದಲ್ಲಿರಲಿ. ಲೈಫ್ ಜಾಕೆಟ್ ಮೈಮೇಲಿರಲಿ, ಮೂಲೆಯಲ್ಲಿ ಬಿದ್ದಿರುವ ಜಾಕೆಟ್ ಇದ್ದೂ ಇಲ್ಲದ ಹಾಗೆ.

ಹೊಳೆ ಕಡಲು ಸೇರುವ ಅಳಿವೆಯಲ್ಲಿ ಇನ್ನೂ ಒಂದು ತೊಡಕಿದೆ. ಇಳಿತದ ಹೊತ್ತಿಗೆ ಹೊಳೆಯ ನೀರು ಕಡಲಿಗೆ ರಭಸದಿಂದ ಹೊರಡುತ್ತದೆ. ಎದುರು ಬರುವ ಅಲೆ ಅದಕ್ಕೆ ಸಿಕ್ಕಿ, ಶಿಖರಗಳ ಅಂತರ ಮತ್ತಷ್ಟು ಕಡಿಮೆಯಾಗಿ, ಕಡಿದಾಗಿ ನಿಲ್ಲುತ್ತದೆ.

ಕಡಲ ಮುನ್ಸೂಚನೆ ಕೊಡುವ ಹೈದರಾಬಾದಿನ ಇನ್‌ಕಾಯ್ಸ್ ಸಂಸ್ಥೆ ಸಣ್ಣ ದೋಣಿಗಳಿಗಾಗಿ 2020ರಲ್ಲಿ ಆರಂಭಿಸಿದ ಸುರಕ್ಷತಾ ಸೂಚ್ಯಂಕ ಅಲೆಯ ಎತ್ತರದ ಜೊತೆಗೆ ಈ ಕಡಿದಾಗಿರುವಿಕೆಯನ್ನೂ ಲೆಕ್ಕಕ್ಕೆ ಹಿಡಿಯುತ್ತದೆ. ನನ್ನ ಮಟ್ಟಿಗೆ ಇದು ಎತ್ತರವನ್ನಷ್ಟೇ ಹೇಳುವ ಮುನ್ಸೂಚನೆಗಿಂತ ಮೇಲು. ಆದರೆ ಅಳಿವೆಯ ಮರಳುದಿಬ್ಬ ಮಳೆಗಾಲದಲ್ಲಿ ಒಂದೇ ಕಡೆ ನಿಲ್ಲುವುದಿಲ್ಲ, ಹಾಗಾಗಿ ಸೂಚ್ಯಂಕವೊಂದೇ ಸಾಲದು. ಹೊರಡುವ ಮುಂಚೆಯೇ ವಾಪಸಾಗುವ ಹೊತ್ತಿನ ಉಬ್ಬರ ಇಳಿತ ನೋಡಿಕೊಳ್ಳಬೇಕು, ಇಳಿತ ಮುಗಿಯುವವರೆಗೆ ಹೊರಗೆ ಕಾಯಬೇಕಾಗಿ ಬಂದರೆ ಸಾಲುವಷ್ಟು ಸೀಮೆಎಣ್ಣೆ ಡಬ್ಬದಲ್ಲಿರಬೇಕು.