ಕ್ರಿಯಾಪದವೇ ಮುಂದಾಳು: ಇಸಿನಾಯ್ ನುಡಿ

ಫಿಲಿಪ್ಪೀನ್ಸ್‌ನ ಲೂಜಾನ್ ದ್ವೀಪದಲ್ಲಿ ಮನಿಲಾ ಕಡೆಯಿಂದ ಉತ್ತರಕ್ಕೆ ಹೊರಟ ಹೆದ್ದಾರಿ ಬಾಲೇತೆ ಘಟ್ಟ ಹತ್ತಿ ಇಳಿದರೆ ನುಯೇವಾ ವಿಸ್ಕಾಯಾ ಪ್ರಾಂತ್ಯ. ಅಲ್ಲಿನ ಅರಿತಾವ್, ಬಂಬಾಂಗ್, ದುಪಾಕ್ಸ್ ಊರುಗಳ ಹಳಬರ ಮಾತು ಇಸಿನಾಯ್. ಆಡುವವರು ಈಗ ಕೆಲವೇ ಸಾವಿರ. ಇದರ ದಾಯಾದಿ ನುಡಿಗಳೆಲ್ಲ ಬೆಟ್ಟದ ಮೇಲಿವೆ: ಮೆಟ್ಟಿಲುಗದ್ದೆಗಳಿಗೆ ಹೆಸರಾದ ಇಫುಗಾವೊ, ಬೊಂಟೊಕ್, ಕಳಿಂಗ. (ನಮ್ಮ ಅಶೋಕನ ಕಳಿಂಗಕ್ಕೂ ಇದಕ್ಕೂ ನಂಟಿಲ್ಲ.)

ಕನ್ನಡದಲ್ಲಿ ಕ್ರಿಯಾಪದ ಸಾಮಾನ್ಯವಾಗಿ ಕೊನೆಗೆ ಬರುತ್ತದೆ. ಅದು ಬರುವಷ್ಟರಲ್ಲಿ ಯಾರು, ಯಾರಿಗೆ, ಯಾವುದರಿಂದ ಎಂಬುದನ್ನೆಲ್ಲ ವಿಭಕ್ತಿಗಳು ಹೇಳಿ ಮುಗಿಸಿರುತ್ತವೆ. ಇಸಿನಾಯ್ ಆಡುವವರು ವಾಕ್ಯ ಶುರುಮಾಡುವುದೇ ಕ್ರಿಯಾಪದದಿಂದ. 'ಅಕ್ಕ ಕುಡುಗೋಲಿನಿಂದ ಭತ್ತ ಕೊಯ್ದಳು' ಎನ್ನಬೇಕಾದರೆ 'ಕೊಯ್' ಧಾತುವಿಗೆ ಯಾವ ಪ್ರತ್ಯಯ ಹಚ್ಚಿದ್ದಾರೆ ಎಂಬುದರ ಮೇಲೆ ಮಾತಿನ ಕೇಂದ್ರ ಅಕ್ಕನೋ, ಭತ್ತವೋ, ಕುಡುಗೋಲೋ ಎಂಬುದು ತೀರ್ಮಾನವಾಗುತ್ತದೆ. ನಮ್ಮ ಕರ್ತರಿ, ಕರ್ಮಣಿ ಎಂಬ ಎರಡೇ ಪ್ರಯೋಗಗಳ ಲೆಕ್ಕ ಇಲ್ಲಿ ಸಾಲದು. ಫಿಲಿಪ್ಪೀನ್ಸ್ ನುಡಿಗಳ ವ್ಯಾಕರಣದಲ್ಲಿ ನನ್ನನ್ನು ಹಿಡಿದು ನಿಲ್ಲಿಸುವುದು ಇದೇ.

ಪ್ರತ್ಯಯಗಳು ಸೇರುವ ಬಗೆಯೂ ಬೇರೆ. ಕನ್ನಡದವು ಪದದ ಬಾಲಕ್ಕೆ ಅಂಟುತ್ತವೆ. ಅಲ್ಲಿನ ಕೆಲವು ಧಾತುವಿನ ಹೊಟ್ಟೆಯೊಳಗೇ ನುಗ್ಗುತ್ತವೆ. ಓದುಗರಿಗೆ ಸುಲಭವಾಗಲೆಂದು ಅದೇ ಬಳಗದ ಟಗಲಾಗ್‌ನ ಉದಾಹರಣೆ ಕೊಡುತ್ತೇನೆ: 'ಸುಲತ್' ಎಂದರೆ ಬರಹ. ನಡುವೆ 'ಉಮ್' ಸೇರಿ 'ಸುಮುಲತ್' ಆದರೆ ಬರೆದವನ ಮೇಲೆ ಗಮನ. 'ಇನ್' ಸೇರಿ 'ಸಿನುಲತ್' ಆದರೆ ಬರೆದದ್ದರ ಮೇಲೆ. ಪದದ ಮೊದಲ ತುಣುಕನ್ನಷ್ಟೇ ಇಮ್ಮಡಿಸಿ ಅರ್ಥ ಬದಲಿಸುವುದೂ ಈ ನುಡಿಗಳಿಗೆಲ್ಲ ಸಾಮಾನ್ಯ. ಇನ್ನು ಉಚ್ಚಾರಣೆಗೆ ಬಂದರೆ, ಇಸಿನಾಯ್‌ನಲ್ಲಿ ಗಂಟಲನ್ನು ಕ್ಷಣ ಮುಚ್ಚಿ ಬಿಡುವ ಸದ್ದೊಂದು ಪೂರ್ಣ ವ್ಯಂಜನವಾಗಿ ನಿಂತಿದೆ.

ಸರ್ವನಾಮಗಳಲ್ಲಿ ಮಾತ್ರ ನಮ್ಮ ಕರಾವಳಿಯವರಿಗೆ ಪರಿಚಿತ ಜಾಗ ಸಿಗುತ್ತದೆ. ಕೇಳುವವರೂ ಸೇರಿದ 'ನಾವು' ಒಂದು, ಅವರನ್ನು ಬಿಟ್ಟ 'ನಾವು' ಇನ್ನೊಂದು. ತುಳುವಿನ 'ನಮ' ಮತ್ತು 'ಎಂಕುಳು' ಮಾಡುವ ಕೆಲಸವೇ ಇದು. ಕನ್ನಡ ಆ ಭೇದವನ್ನು ಎಂದೋ ಕೈಬಿಟ್ಟಿದೆ.

ದಾಯಾದಿಗಳಿಗೆ ಬೆಟ್ಟದ ಮರೆ ಇತ್ತು, ಇಸಿನಾಯ್‌ಗೆ ಇರಲಿಲ್ಲ. 1591ರಲ್ಲೇ ಸ್ಪೇನಿನ ದಂಡು ಇಸಿನಾಯ್ ಆಡುವ ಕಣಿವೆಗೆ ಬಂದಿತು. ಆಗ ಈ ಕಣಿವೆಯನ್ನು ಇತುಯ್ ಎನ್ನುತ್ತಿದ್ದರು. 18ನೇ ಶತಮಾನದಲ್ಲಿ ಪಾದ್ರಿಗಳು ನೆಲೆಯೂರಿದರು. ದುಪಾಕ್ಸ್‌ನ ಇಟ್ಟಿಗೆಯ ಇಗರ್ಜಿ ಆ ಕಾಲದ್ದು. ಆಮೇಲೆ ಜಮೀನು ಹುಡುಕಿಕೊಂಡು ಬಂದ ಇಲೊಕಾನೊ ಜನರ ಮಾತೇ ಸಂತೆಯ, ಬೀದಿಯ ಮಾತಾಯಿತು. ನೆಲ ಫಲವತ್ತಾಗಿದ್ದದ್ದೇ ನುಡಿಗೆ ಮುಳುವಾಯಿತೆನ್ನಬೇಕು.

2012ರಲ್ಲಿ ಫಿಲಿಪ್ಪೀನ್ಸ್ ಸರ್ಕಾರ ಆರಂಭಿಕ ತರಗತಿಗಳಲ್ಲಿ ತಾಯ್ನುಡಿ ಶಿಕ್ಷಣ ಜಾರಿಗೆ ತಂದಾಗ 12 ನುಡಿಗಳನ್ನು ಆರಿಸಿತು. ಮರುವರ್ಷ ಇನ್ನೂ 7 ಸೇರಿದವು. ಇಲೊಕಾನೊ ಮೊದಲ ಪಟ್ಟಿಯಲ್ಲೇ ಇತ್ತು. ಇಸಿನಾಯ್ ಎರಡರಲ್ಲೂ ಇರಲಿಲ್ಲ. 2024ರ ಅಕ್ಟೋಬರ್‌ನಲ್ಲಿ ಬಂದ ಹೊಸ ಕಾಯ್ದೆ, ಬೋಧನೆಯಲ್ಲಿ ತಾಯ್ನುಡಿ ಕಡ್ಡಾಯವೆಂಬ ಆ ನಿಯಮವನ್ನೇ ತೆಗೆದುಹಾಕಿತು.