ಅರೆಬೆಂದ ಕೋಡ್‌ಗೊಂದು ಫೋಲ್ಡರ್

ಲಿನಕ್ಸ್ ಕರ್ನೆಲ್‌ನಲ್ಲಿ ಒಂದು ಕಾಲಕ್ಕೆ ಸಮ-ಬೆಸದ ಲೆಕ್ಕವಿತ್ತು. ಆವೃತ್ತಿಯ ಎರಡನೇ ಅಂಕಿ ಸಮವಾಗಿದ್ದರೆ, ಅಂದರೆ 2.2 ಅಥವಾ 2.4 ಆದರೆ, ನಂಬಿ ಬಳಸಬಹುದು; 2.3, 2.5ರಂತೆ ಬೆಸವಾಗಿದ್ದರೆ ಅದು ಪ್ರಯೋಗದ ಕಣ. ಲೆಕ್ಕವೇನೋ ಅಚ್ಚುಕಟ್ಟು. ಆದರೆ 2001ರ ಜನವರಿಯಲ್ಲಿ 2.4 ಬಂದ ಮೇಲೆ 2.6 ಹೊರಬೀಳುವಷ್ಟರಲ್ಲಿ 2003ರ ಡಿಸೆಂಬರ್ ಆಗಿತ್ತು. ಅಷ್ಟು ದಿನ ಕಾಯಲಾರದ ಕಂಪನಿಗಳು 2.5ರ ಕೋಡನ್ನು ತಾವೇ ಹಳೆಯ 2.4ಕ್ಕೆ ಜೋಡಿಸಿಕೊಂಡವು. 2004ರಲ್ಲಿ ಲಿನಕ್ಸ್‌ನ ಜನಕ ಲಿನಸ್ ಟೊರ್ವಾಲ್ಡ್ಸ್ ಮತ್ತು ಸಂಗಡಿಗರು ಮುಂದಿನ ಬೆಸ ಆವೃತ್ತಿಯಾದ 2.7ರ ಗೊಡವೆಯೇ ಬೇಡವೆಂದರು.

ಹಾಗಾದರೆ ಪ್ರಯೋಗಕ್ಕೆ ಜಾಗವೆಲ್ಲಿ?

ಕರ್ನೆಲ್‌ನ ಸೆಟ್ಟಿಂಗ್‌ಗಳಲ್ಲಿ 'ಎಕ್ಸ್‌ಪೆರಿಮೆಂಟಲ್' ಎಂಬ ಸ್ವಿಚ್ ಆಗಲೇ ಇತ್ತು. ಅದನ್ನು ಆನ್ ಮಾಡಿದರಷ್ಟೇ ಹಸಿ ಕೋಡ್ ಕಣ್ಣಿಗೆ ಬೀಳುತ್ತಿತ್ತು. ಒಮ್ಮೆ ಅಂಟಿಸಿದ ಆ ಹಣೆಪಟ್ಟಿಯನ್ನು ಕೋಡ್ ಮಾಗಿದ ಮೇಲೂ ಯಾರೂ ಕೀಳಲಿಲ್ಲ. ಹಾಗಾಗಿ ಎಲ್ಲರೂ ಸ್ವಿಚ್ಚನ್ನು ಆನ್ ಮಾಡಿಯೇ ಇಟ್ಟರು. ಎಚ್ಚರಿಕೆಗೆ ಅರ್ಥವೇ ಉಳಿಯಲಿಲ್ಲ. ಕರ್ನೆಲ್ ಡೆವಲಪರ್ ಕೀಸ್ ಕುಕ್ 2012ರಲ್ಲಿ ಅದನ್ನು ಕಿತ್ತುಹಾಕುವ ಕೆಲಸಕ್ಕೆ ಕೈಹಾಕಿದರು.

ಅಷ್ಟರಲ್ಲಿ ಇನ್ನೊಬ್ಬ ಡೆವಲಪರ್ ಗ್ರೆಗ್ ಕ್ರೋವಾ-ಹಾರ್ಟ್‌ಮನ್ ಬೇರೊಂದು ದಾರಿ ತೆರೆದಿದ್ದರು. 2008ರಲ್ಲಿ ಅವರು ಆರಂಭಿಸಿದ 'ಸ್ಟೇಜಿಂಗ್' ಫೋಲ್ಡರ್ ಅದೇ ಡಿಸೆಂಬರಿನ 2.6.28ರ ಹೊತ್ತಿಗೆ ಕರ್ನೆಲ್ ಒಳಗೇ ಬಂತು. ಅರೆಬೆಂದ ಡ್ರೈವರ್‌ಗಳಿಗೆ ಅಲ್ಲಿ ಪ್ರವೇಶ. ಪ್ರತಿಯೊಂದರ ಜೊತೆಗೂ 'ಟುಡು' ಎಂಬ ಕಡತವಿರಬೇಕು. ಬಾಕಿ ಕೆಲಸದ ಪಟ್ಟಿ ಅದರಲ್ಲಿರಬೇಕು. ಅಂಥ ಡ್ರೈವರ್ ಲೋಡ್ ಆದರೆ 'ಗುಣಮಟ್ಟ ಗೊತ್ತಿಲ್ಲ, ಎಚ್ಚರಿಸಿದ್ದೇವೆ' ಎಂಬರ್ಥದ ಸಾಲು ಲಾಗ್‌ನಲ್ಲಿ ಮೂಡುತ್ತದೆ. ಕರ್ನೆಲ್‌ಗೆ 'ಟೇಂಟ್ ಕ್ರ್ಯಾಪ್' ಎಂಬ ಗುರುತೂ ಬೀಳುತ್ತದೆ. ಟೇಂಟ್ ಎಂದರೆ ಕಳಂಕ, ಕ್ರ್ಯಾಪ್ ಎಂದರೆ ಕಸವೇ; ಮುಚ್ಚುಮರೆಯಿಲ್ಲ.

ಒಳಗೆ ಬಂದವರೆಲ್ಲ ಉಳಿಯಲಿಲ್ಲ. ಆಂಡ್ರಾಯ್ಡ್ ಡ್ರೈವರ್‌ಗಳು 2009ರಲ್ಲಿ ಬಂದವು. ನೋಡಿಕೊಳ್ಳುವವರಿಲ್ಲದೆ ಮರುವರ್ಷವೇ ಹೊರಬಿದ್ದವು. 2012ರಲ್ಲಿ 3.3ರೊಂದಿಗೆ ಮರಳಿದವು. ಅವುಗಳಲ್ಲೊಂದಾದ 'ಬೈಂಡರ್' 3.19ರಲ್ಲಿ ಸ್ಟೇಜಿಂಗ್ ದಾಟಿ ಕರ್ನೆಲ್‌ನಲ್ಲಿ ಕಾಯಂ ಆಯಿತು. ಸೂಪರ್‌ಕಂಪ್ಯೂಟರ್‌ಗಳ ಫೈಲ್ ಸಿಸ್ಟಂ 'ಲಸ್ಟರ್'ಗೆ ಆ ಭಾಗ್ಯ ಸಿಗಲಿಲ್ಲ. ಅದರ ಬಳಕೆದಾರರು ದೊಡ್ಡವರೇ. ಆದರೂ 2013ರಲ್ಲಿ ಬಂದ ಕೋಡಿನ ತಿದ್ದುಪಡಿ ಐದು ವರ್ಷವಾದರೂ ಮುಗಿಯದ ಕಾರಣ 2018ರಲ್ಲಿ ಗ್ರೆಗ್ ಅದನ್ನು ಅಳಿಸಿಹಾಕಿದರು.

ಹಳೆಯ ಸ್ವಿಚ್‌ಗಿಂತ ಈ ಫೋಲ್ಡರ್ ಗೆದ್ದದ್ದು ಇದರಿಂದಲೇ: ಇಲ್ಲಿ ಬಡ್ತಿಯೂ ಉಂಟು, ವಜಾವೂ ಉಂಟು. ಕರ್ನೆಲ್‌ಗೆ ಮೊದಲ ಪ್ಯಾಚ್ ಕಳಿಸುವ ಆಸೆಯಿರುವವರು ಆ 'ಟುಡು' ಕಡತಗಳನ್ನೊಮ್ಮೆ ತೆರೆದು ನೋಡಲಿ. ಹೊಸಬರ ಕೈಗೆಟುಕುವ ಕೆಲಸ ಅಲ್ಲಿ ಸಿಗುತ್ತದೆ.