ದೋಣಿಯ ಎಂಜಿನ್ನಿಗೂ ಒಂದು ರೆಕ್ಕೆ

ಹಕ್ಕಿಗೆ ರೆಕ್ಕೆ ಇದೆ, ವಿಮಾನಕ್ಕೂ ಇದೆ. ದೋಣಿಯ ಎಂಜಿನ್ನಿಗೂ ರೆಕ್ಕೆ ಹಾಕ್ತಾರೆ ಅಂದರೆ ನೀವು ನಂಬುತ್ತೀರಾ? ನಿಜವಾಗಿಯೂ ಹಾಕುತ್ತಾರೆ. ಅದು ಹಾರುವುದಕ್ಕಲ್ಲ, ದೋಣಿಯ ಹಿಂಭಾಗವನ್ನು ಸ್ವಲ್ಪ ಎತ್ತುವುದಕ್ಕೆ. ಅದಕ್ಕೆ ಹೈಡ್ರೋಫಾಯಿಲ್ ಫಿನ್ ಎಂದು ಹೆಸರು. ನಾವು ಸುಲಭವಾಗಿ ನೀರುರೆಕ್ಕೆ ಎನ್ನೋಣ.

ಔಟ್‌ಬೋರ್ಡ್ ಎಂಜಿನ್ ಎಂದರೇನು?

ದೋಣಿಯ ಹಿಂದಿನ ಹಲಗೆಗೆ ಹೊರಗಿನಿಂದ ತಗುಲಿಸುವ ಎಂಜಿನ್ನೇ ಔಟ್‌ಬೋರ್ಡ್ ಎಂಜಿನ್. ಮೇಲೆ ಯಂತ್ರ, ಕೆಳಗೆ ಉದ್ದವಾದ ಕಾಲು, ಕಾಲಿನ ತುದಿಯಲ್ಲಿ ಪ್ರೊಪೆಲ್ಲರ್. ನಮ್ಮ ಕರಾವಳಿಯಲ್ಲಿ ಇದನ್ನೇ ಫ್ಯಾನ್ ಎನ್ನುತ್ತಾರೆ. ನಾರ್ವೆಯಲ್ಲಿ ಹುಟ್ಟಿ ಅಮೆರಿಕದಲ್ಲಿ ನೆಲೆಸಿದ ಓಲೆ ಎವಿನ್‌ರೂಡ್ ಎಂಬುವರು 1909ರಲ್ಲಿ ಇಂಥ ಎಂಜಿನ್ ಮಾಡಿ ಮಾರಲು ಶುರು ಮಾಡಿದರು. ಈಗ ನಮ್ಮ ನಾಡದೋಣಿಗಳಲ್ಲೂ ಔಟ್‌ಬೋರ್ಡ್ ಎಂಜಿನ್ ಇದೆ.

ಫ್ಯಾನಿನ ಸ್ವಲ್ಪ ಮೇಲೆ, ಮಲಗಿಸಿದ ಹಾಗೆ ಒಂದು ಚಪ್ಪಟೆ ತಟ್ಟೆ ಇರುತ್ತದೆ. ಮೇಲಿನ ಗಾಳಿ ಫ್ಯಾನಿಗೆ ಸಿಗದ ಹಾಗೆ ತಡೆಯುವುದು ಅದರ ಕೆಲಸ. ಗಾಳಿ ಸಿಕ್ಕರೆ ಫ್ಯಾನ್ ಬರಿದೇ ಗಿರಗಿರ ತಿರುಗುತ್ತದೆ, ದೋಣಿ ಮುಂದೆ ಹೋಗುವುದಿಲ್ಲ. ಈ ತಟ್ಟೆಗೇ ಎರಡೂ ಕಡೆ ಚಾಚಿಕೊಳ್ಳುವ ಹಾಗೆ ನೀರುರೆಕ್ಕೆಯನ್ನು ಬೋಲ್ಟು ಹಾಕಿ ಕೂರಿಸುತ್ತಾರೆ.

ರೆಕ್ಕೆ ಯಾಕೆ ಬೇಕಾಯಿತು?

ಸಣ್ಣ ದೋಣಿಯಲ್ಲಿ ಎಂಜಿನ್ ಹಿಂದೆ, ಎಣ್ಣೆಯ ಟ್ಯಾಂಕ್ ಹಿಂದೆ, ನಡೆಸುವವನೂ ಹಿಂದೆ. ಒಮ್ಮೆಲೇ ಜೋರು ಮಾಡಿದರೆ ದೋಣಿ ತಾನೇ ಎಬ್ಬಿಸಿದ ತೆರೆಯನ್ನು ಹತ್ತಲು ಹೋಗುತ್ತದೆ. ಹಿಂಭಾಗ ಕುಸಿಯುತ್ತದೆ, ಮೂತಿ ಮೇಲೇಳುತ್ತದೆ. ಸೀಸಾ ಆಟದಲ್ಲಿ ದಪ್ಪನೆಯ ಹುಡುಗ ಒಂದು ಕಡೆ ಕೂತ ಹಾಗೆ! ಆಗ ನಡೆಸುವವನಿಗೆ ಎದುರಿನದು ಕಾಣುವುದಿಲ್ಲ. ಬಲೆಯ ಬೆಂಡು ಇದ್ದರೂ ಕಾಣದು, ಈಜುವವರ ತಲೆ ಇದ್ದರೂ ಕಾಣದು. ಇದು ಎಷ್ಟು ಅಪಾಯ ಎಂದು ಯೋಚಿಸಿ. ಎಣ್ಣೆಯೂ ಸುಮ್ಮನೆ ಖರ್ಚಾಗುತ್ತದೆ.

ಹಗುರವಾದ ವೇಗದ ದೋಣಿಯಾದರೆ ವೇಗ ಇನ್ನೂ ಹೆಚ್ಚಿದಾಗ ನೀರಿನ ಮೇಲೆ ಜಾರಲು ತೊಡಗುತ್ತದೆ. ಆಗ ಮೂತಿ ತಾನಾಗಿ ಇಳಿಯುತ್ತದೆ. ಅಲ್ಲಿಗೆ ಬೇಗ ತಲುಪಿಸುವುದೇ ನೀರುರೆಕ್ಕೆಯ ಉಪಕಾರ.

ಅದು ಹೇಗೆ ಎತ್ತುತ್ತದೆ?

ಒಂದು ಪ್ರಯೋಗ ಮಾಡಿ. ಅಗಲವಾದ ಟಬ್ಬಿನಲ್ಲಿ ನೀರು ತುಂಬಿ. ಪ್ಲಾಸ್ಟಿಕ್ ಅಳತೆಪಟ್ಟಿಯನ್ನು ನೀರೊಳಗೆ ಮಲಗಿಸಿ ಹಿಡಿಯಿರಿ. ಉದ್ದದ ಅಂಚು ಮುಂದಿರಲಿ, ಆ ಅಂಚು ಸ್ವಲ್ಪ ಮೇಲೆದ್ದಿರಲಿ. ಈಗ ಸರ್ರನೆ ಮುಂದಕ್ಕೆ ಎಳೆಯಿರಿ. ಪಟ್ಟಿ ಮೇಲಕ್ಕೆ ಏಳಲು ನೋಡುತ್ತದೆ. ಕಾರಣ, ಓರೆಯಾದ ಪಟ್ಟಿ ನೀರನ್ನು ಕೆಳಕ್ಕೆ ತಳ್ಳುತ್ತದೆ, ನೀರು ಪಟ್ಟಿಯನ್ನು ಮೇಲಕ್ಕೆ ತಳ್ಳುತ್ತದೆ. ಇದು ನ್ಯೂಟನ್ನರ ಮೂರನೆಯ ನಿಯಮ. ಓಡುವ ದೋಣಿಯಿಂದ ಕೈ ಇಳಿಬಿಟ್ಟು ಮಾತ್ರ ಈ ಪ್ರಯೋಗ ಮಾಡಬೇಡಿ.

ನೀರು ಗಾಳಿಗಿಂತ ಸುಮಾರು 800 ಪಟ್ಟು ಸಾಂದ್ರ. ಅದಕ್ಕೇ ವಿಮಾನಕ್ಕೆ ಅಷ್ಟುದ್ದದ ರೆಕ್ಕೆ ಬೇಕು, ಎಂಜಿನ್ನಿಗೆ ಮೊರಕ್ಕಿಂತ ಚಿಕ್ಕದು ಸಾಕು.

ಟೆಲಿಫೋನ್ ಕಂಡುಹಿಡಿದ ಅಲೆಕ್ಸಾಂಡರ್ ಗ್ರಹಾಂ ಬೆಲ್ ಗೊತ್ತಲ್ಲ? ಅವರೂ ಕೇಸಿ ಬಾಲ್ಡ್‌ವಿನ್ನರೂ ಸೇರಿ ಮಾಡಿದ ಎಚ್‌ಡಿ-4 ಎಂಬ ದೋಣಿ ಇಂಥ ರೆಕ್ಕೆಗಳ ಮೇಲೆ ಇಡೀ ಮೈ ಎತ್ತಿಕೊಂಡು 1919ರಲ್ಲಿ ಕೆನಡಾದಲ್ಲಿ ಗಂಟೆಗೆ ಸುಮಾರು 114 ಕಿ.ಮೀ. ವೇಗದಲ್ಲಿ ಓಡಿತು. ನಾವು ಹೇಳುತ್ತಿರುವ ರೆಕ್ಕೆ ಅಷ್ಟು ಬಲಶಾಲಿ ಅಲ್ಲ. ಇದು ಹಿಂಭಾಗವನ್ನು ಮಾತ್ರ ಎತ್ತುತ್ತದೆ.

ಲಾಭಗಳು

1. ಹೊರಡುವಾಗ ಮೂತಿ ಅಷ್ಟು ಏಳುವುದಿಲ್ಲ, ದಾರಿ ಕಾಣುತ್ತದೆ.
2. ಸ್ವಲ್ಪ ಕಡಿಮೆ ವೇಗದಲ್ಲೂ ದೋಣಿ ನೀರಿನ ಮೇಲೆ ಜಾರುತ್ತಿರುತ್ತದೆ.
3. ಕೆಲವು ದೋಣಿಗಳು ವೇಗದಲ್ಲಿ ಡಾಲ್ಫಿನ್ ಹಾಗೆ ಮೂತಿ ಎತ್ತಿ ಇಳಿಸಿ ಕುಣಿಯುತ್ತವೆ. ಅದು ಕಡಿಮೆಯಾಗುತ್ತದೆ.
4. ತಟ್ಟೆ ಅಗಲವಾದಂತೆ ಆಗುವುದರಿಂದ ತಿರುವಿನಲ್ಲಿ ಫ್ಯಾನಿಗೆ ಗಾಳಿ ಸಿಗುವುದು ತಗ್ಗುತ್ತದೆ.

ನಷ್ಟಗಳು

ರೆಕ್ಕೆ ನೀರಲ್ಲೇ ಮುಳುಗಿದ್ದರೆ ನೀರು ಅದನ್ನು ಹಿಂದಕ್ಕೆ ಎಳೆಯುತ್ತದೆ, ಪೂರ್ತಿ ವೇಗ ಸಿಗುವುದಿಲ್ಲ. ಹಲವು ರೆಕ್ಕೆಗಳಿಗೆ ತಟ್ಟೆಯಲ್ಲಿ ತೂತು ಕೊರೆಯಬೇಕು. ಒಮ್ಮೆ ಕೊರೆದ ತೂತು ಹೋಗುವುದಿಲ್ಲ. ಹಗ್ಗ, ಬಲೆ ಸಿಕ್ಕಿಕೊಳ್ಳಲು ಇನ್ನೊಂದು ಜಾಗ ಆಯಿತು. ಭಾರದ ದೋಣಿ ಜಾರುವುದೇ ಇಲ್ಲ, ನೀರನ್ನು ಸೀಳಿಕೊಂಡೇ ಹೋಗುತ್ತದೆ. ಅದಕ್ಕೆ ಇದರಿಂದ ಹೆಚ್ಚು ಪ್ರಯೋಜನ ಇಲ್ಲ.

ಎಲ್ಲಕ್ಕಿಂತ ಮುಖ್ಯ ಮಾತು ಇದು. ಅಳಿವೆಯಲ್ಲಿ ಒಳಗೆ ಬರುವಾಗ ತೆರೆ ಹಿಂದಿನಿಂದ ಬರುತ್ತದೆ. ತೆರೆಯೇ ಹಿಂಭಾಗವನ್ನು ಎತ್ತಿ ಮೂತಿಯನ್ನು ತಗ್ಗಿಸಿರುತ್ತದೆ. ಆಗ ರೆಕ್ಕೆಯೂ ಹಿಂಭಾಗವನ್ನೇ ಎತ್ತಿದರೆ? ಮೂತಿ ನೀರಿಗೆ ಇರಿಯಬಹುದು, ದೋಣಿ ಅಡ್ಡ ತಿರುಗಿ ಮಗುಚಬಹುದು. ಅಂದರೆ ಹೊರಡುವಾಗ ಉಪಕಾರ ಮಾಡಿದ ರೆಕ್ಕೆಯೇ ಬರುವಾಗ ಅಪಕಾರ ಮಾಡಬಹುದು. ರೆಕ್ಕೆ ಇದೆ ಎಂದು ಧೈರ್ಯ ಮಾಡಬಾರದು.

ಹಾಗಾದರೆ ಮೊದಲು ಏನು ಮಾಡಬೇಕು?

ಮೂತಿ ಏಳುತ್ತಿದ್ದರೆ ಮೊದಲು ಟ್ಯಾಂಕ್, ಸಾಮಾನು, ಜನರನ್ನು ಸ್ವಲ್ಪ ಮುಂದಕ್ಕೆ ಸರಿಸಿ ನೋಡಬೇಕು. ಆಮೇಲೆ ಎಂಜಿನ್ ಎಷ್ಟು ಓರೆಯಾಗಿದೆ, ಎಷ್ಟು ಎತ್ತರದಲ್ಲಿ ಕೂತಿದೆ ಎಂದು ನೋಡಬೇಕು. ಇದಕ್ಕೆಲ್ಲ ಕಾಸಿನ ಖರ್ಚಿಲ್ಲ. ಇಷ್ಟಾದರೂ ಸರಿಯಾಗದಿದ್ದರೆ ಮಾತ್ರ ರೆಕ್ಕೆಯ ಯೋಚನೆ. ಭಾರವನ್ನು ತಪ್ಪು ಜಾಗದಲ್ಲಿಟ್ಟು ರೆಕ್ಕೆ ಕಟ್ಟುವುದು, ಜ್ವರ ಬಂದವನಿಗೆ ಹೊಸ ಅಂಗಿ ಹಾಕಿದ ಹಾಗೆ.

ಓದುಗರಿಗೆ ಒಂದು ಪ್ರಶ್ನೆ: ಅಳತೆಪಟ್ಟಿಯ ಮುಂದಿನ ಅಂಚನ್ನು ಮೇಲೆತ್ತುವ ಬದಲು ತಗ್ಗಿಸಿ ಎಳೆದರೆ ಏನಾಗುತ್ತದೆ? ಮಾಡಿ ನೋಡಿ, ಉತ್ತರ ಬರೆದು ಈ ಪತ್ರಿಕೆಯ ಕೆಳಗೆ ಅಂಟಿಸಿ.